ಕಿವಿಯಮ್ಮನ ದೂರು

ಮದುವೆಯಾದ ಮರುವರ್ಷದಿಂದಲೂ ಕಿವಿ ಕೇಳಿಸುವ ಯಂತ್ರಗಳನ್ನು ಮಾರುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದುದರಿಂದ ಆಕೆಯನ್ನು ಬೀದಿಯವರೆಲ್ಲ ಕಿವಿಯಮ್ಮ ಎಂದೇ ಕರೆಯುತ್ತಿದ್ದರು. ಹೆಸರು ಹಿಡಿದು ಕರೆಯುವವರು ಮನೆಯಲ್ಲೂ ಉಳಿದಿರಲಿಲ್ಲ. ಗಂಡ ‘ಇವಳೇ’ ಎನ್ನುತ್ತಿದ್ದ, ಅತ್ತೆ ‘ದೊಡ್ಡವಳೇ’ ಎನ್ನುತ್ತಿದ್ದರು, ಮೇಲಿನ ಮಹಡಿಯಲ್ಲಿದ್ದ ಮೈದುನನ ಹೆಂಡತಿ ‘ಅಕ್ಕಾ’ ಎನ್ನುತ್ತಿದ್ದಳು. ಆ ‘ಅಕ್ಕಾ’ ಎಂಬ ಕೂಗು ಮೆಟ್ಟಿಲಿಳಿದು ಬಂದಾಗಲೆಲ್ಲ ಕಿವಿಯಮ್ಮನ ಹೊಟ್ಟೆಯೊಳಗೆ ಯಾರೋ ಒಲೆಯ ಉರಿಯನ್ನು ಸ್ವಲ್ಪ ಹೆಚ್ಚಿಸಿದಂತಾಗುತ್ತಿತ್ತು.

ಓರಗಿತ್ತಿಯ ಮೇಲೆ ಹೊಟ್ಟೆಕಿಚ್ಚು ಪಡಲು ದೊಡ್ಡ ಕಾರಣವೇನೂ ಬೇಕಾಗಿರಲಿಲ್ಲ. ಇಬ್ಬರೂ ಒಂದೇ ಅಂಗಡಿಯಿಂದ ಒಂದೇ ಬಟ್ಟೆ ತಂದು ಕಿಟಕಿಗೆ ಪರದೆ ಹೊಲಿದರೆ ಬಂದವರು ಮೇಲಿನ ಮನೆಯ ಪರದೆಯನ್ನು ಹೊಗಳುತ್ತಿದ್ದರು. ಕಿವಿಯಮ್ಮ ಅತ್ತೆಗೆ ಹೊತ್ತು ಹೊತ್ತಿಗೆ ಮಾತ್ರೆ ಕೊಡುತ್ತಿದ್ದಳು, ಓರಗಿತ್ತಿ ವಾರಕ್ಕೊಮ್ಮೆ ಬಂದು ಅತ್ತೆಯ ಉಗುರು ಕತ್ತರಿಸಿ ಬಣ್ಣ ಹಚ್ಚಿ ಹೋಗುತ್ತಿದ್ದಳು. ಅತ್ತೆ ನೆಂಟರಿಗೆಲ್ಲ ತೋರಿಸುತ್ತಿದ್ದುದು ಉಗುರನ್ನು. ಮಾತ್ರೆಯನ್ನು ಯಾರು ತೋರಿಸುತ್ತಾರೆ?

ಓರಗಿತ್ತಿ ಮದುವೆಗೆ ಮುಂಚೆ ಪಾರ್ಲರ್ ಒಂದರಲ್ಲಿ ಉಗುರು ಅಲಂಕಾರ ಮಾಡುತ್ತಿದ್ದವಳು. ಮಗು ಹುಟ್ಟಿದ ಮೇಲೆ ಆ ಕೆಲಸ ಬಿಟ್ಟಿದ್ದಳು. ಹಗಲೆಲ್ಲ ಬೇಜಾರೆಂದು ಗೋಗರೆದಾಗ ಕಿವಿಯಮ್ಮನೇ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊಬೈಲ್ ಆ್ಯಪ್ ಮಾಡುವುದು ಹೇಗೆಂದು ಹೇಳಿಕೊಟ್ಟಳು. ತಾನು ವರ್ಷಗಟ್ಟಲೆ ವೀಡಿಯೊ ನೋಡಿ, ತಪ್ಪು ಮಾಡಿ, ಅಳಿಸಿ, ಮತ್ತೆ ಬರೆದು ಕಲಿತದ್ದನ್ನು ಒಂದು ಮಳೆಗಾಲದಲ್ಲಿ ಧಾರೆ ಎರೆದಳು. ಆಗ ಅವಳಿಗೆ ಅದೊಂದು ದೊಡ್ಡತನವೆನಿಸಿತ್ತು.

ಕಿವಿಯಮ್ಮ ತನಗಾಗಿ ಒಂದು ಆ್ಯಪ್ ಕಟ್ಟುತ್ತಿದ್ದಳು. ಅದರ ಯೋಚನೆ ಹುಟ್ಟಿದ್ದು ಅಂಗಡಿಯಲ್ಲೇ. ಬಹಳ ವರ್ಷ ಕಿವಿ ಮಂದವಾಗಿದ್ದವರಿಗೆ ಯಂತ್ರ ಹಾಕಿದರೆ ಮೊದಲ ದಿನ ಸಂತೋಷಪಡುತ್ತಿದ್ದರು, ಎರಡನೇ ದಿನ ತಲೆ ಹಿಡಿದುಕೊಂಡು ಬರುತ್ತಿದ್ದರು. ನಲ್ಲಿಯ ಸದ್ದು ಜಲಪಾತದಂತೆ, ಕಾಗದ ಮಡಚುವ ಸದ್ದು ಬೆಂಕಿ ಹತ್ತಿದಂತೆ ಅವರಿಗೆ ಕೇಳಿಸುತ್ತಿತ್ತು. ಯಾವ ಸದ್ದು ಯಾವುದೆಂಬುದೇ ಮರೆತುಹೋಗಿರುತ್ತಿತ್ತು. ಕೊನೆಗೆ ಯಂತ್ರ ಬಿಚ್ಚಿ ಡ್ರಾಯರಿಗೆ ಹಾಕಿಬಿಡುತ್ತಿದ್ದರು. ಅಂಥವರಿಗೆ ಸದ್ದುಗಳನ್ನು ಒಂದೊಂದಾಗಿ ಮತ್ತೆ ಪರಿಚಯಿಸುವ ಆ್ಯಪ್ ಅದು. ಒಂದು ಸದ್ದು ಕೇಳಿಸುತ್ತದೆ, ಕೆಳಗೆ ನಾಲ್ಕು ಚಿತ್ರ, ಯಾವುದರದ್ದೆಂದು ಮುಟ್ಟಿ ಹೇಳಬೇಕು. ಬೀಗ ತಿರುಗುವುದು, ಗ್ಯಾಸ್ ಒಲೆ ಹತ್ತುವುದು, ಚಪ್ಪಲಿ ಎಳೆದು ನಡೆಯುವುದು, ಮೈದುನನ ಸ್ಕೂಟರ್ ಮೂರು ಸಲ ಕೆಮ್ಮಿ ಆಮೇಲೆ ಹೊರಡುವುದು, ಎಲ್ಲವನ್ನೂ ಅವಳೇ ಮನೆಯೊಳಗೆ ಹಿಡಿದಿದ್ದಳು. ಕಿವಿಗೆ ಯಂತ್ರ ಹಾಕಿಕೊಂಡಿದ್ದ ಅತ್ತೆಯೇ ಮೊದಲ ಶಿಷ್ಯೆ.

ಅದು ಮುಗಿಯುವ ಮೊದಲೇ ಓರಗಿತ್ತಿಯ ಆ್ಯಪ್ ಅಂಗಡಿಗೆ ಹೋಗಿಯಾಗಿತ್ತು. ಅಂಗಡಿ ಎಂದರೆ ಮೊಬೈಲಿನೊಳಗಿನ ಆ್ಯಪ್ ಸ್ಟೋರ್. ನಮ್ಮ ಕೈಯ ಫೋಟೊ ತೆಗೆದರೆ ಉಗುರುಗಳಿಗೆ ಬೇರೆ ಬೇರೆ ಬಣ್ಣ ಹಚ್ಚಿ ತೋರಿಸುವ ಆ್ಯಪ್ ಅದು. ಕಳಿಸಿದ ಮೊದಲ ಸಲವೇ ಒಪ್ಪಿಗೆ ಬಂತು. ತಿಂಗಳು ಕಳೆಯುವಷ್ಟರಲ್ಲಿ ಎಲ್ಲಿಯೋ ಇರುವ ಹುಡುಗಿಯರೆಲ್ಲ ಅದನ್ನು ಇಳಿಸಿಕೊಳ್ಳತೊಡಗಿದರು. ಕೆಳಗೆ ಸಣ್ಣದಾಗಿ ಜಾಹೀರಾತು ಬರುತ್ತಿತ್ತು. ಹಾಗೆ ಜಾಹೀರಾತು ತಂದು ತೋರಿಸುವ ಸಿದ್ಧ ತುಣುಕೊಂದನ್ನು, ಅಂದರೆ ಪ್ಲಗಿನ್ ಒಂದನ್ನು, ಓರಗಿತ್ತಿ ಎಲ್ಲಿಂದಲೋ ಹುಡುಕಿ ಜೋಡಿಸಿದ್ದಳು. “ನೀವೂ ಇದನ್ನೇ ಹಾಕ್ಕೊಳ್ಳಿ ಅಕ್ಕಾ, ಸುಲಭ” ಎಂದು ಕಿವಿಯಮ್ಮನಿಗೂ ಕಳಿಸಿದಳು. ಶಿಷ್ಯೆಯ ಕೈಯಿಂದ ಪಾಠ ಹೇಳಿಸಿಕೊಳ್ಳುವುದು ಗಂಟಲಲ್ಲಿ ಸಿಕ್ಕಿಕೊಂಡರೂ, ಅವಳದಕ್ಕೆ ಇರುವುದು ತನ್ನದಕ್ಕೆ ಇಲ್ಲವೆಂದಾಗಬಾರದೆಂದು ಕಿವಿಯಮ್ಮ ಅದನ್ನೇ ಹಾಕಿಕೊಂಡಳು.

ಕಿವಿಯಮ್ಮನ ಆ್ಯಪ್ ತಿರಸ್ಕೃತವಾಗಿ ವಾಪಸ್ ಬಂತು.

ನಿಮ್ಮ ಆ್ಯಪ್ ಬಳಸುವವರು ಎಲ್ಲಿದ್ದಾರೆಂಬ ಮಾಹಿತಿ ಕೇಳುತ್ತಿದೆ, ಸದ್ದು ಗುರುತಿಸುವುದಕ್ಕೂ ಈ ಮಾಹಿತಿಗೂ ಏನು ಸಂಬಂಧವೆಂದು ತಿಳಿಯುತ್ತಿಲ್ಲ ಎಂದು ಸ್ಟೋರಿನವರು ಬರೆದಿದ್ದರು. ಕಿವಿಯಮ್ಮ ನಕ್ಕಳು. ಅವಳ ಆ್ಯಪ್ ಅಂಥದ್ದೇನನ್ನೂ ಕೇಳುತ್ತಿರಲಿಲ್ಲ. ತಾನು ಬರೆದ ಸಾಲುಗಳನ್ನೆಲ್ಲ ಮತ್ತೊಮ್ಮೆ ಓದಿದಳು. ಸ್ಥಳ ಎಂಬ ಮಾತು ಎಲ್ಲೂ ಇರಲಿಲ್ಲ. ಯಾರೋ ಬೇರೆಯವರ ಚೀಟಿ ತನಗೆ ಬಂದಿರಬೇಕೆಂದುಕೊಂಡು ಹಾಗೆಯೇ ಮರಳಿ ಕಳಿಸಿದಳು. ಅದೇ ಉತ್ತರ ಬಂತು. ಸ್ವಲ್ಪ ಖಾರವಾಗಿ ಬರೆದು ಕಳಿಸಿದಳು. ಈ ಸಲ ಅವರು ಚಿತ್ರವನ್ನೇ ಲಗತ್ತಿಸಿದ್ದರು. ಅವಳ ಆ್ಯಪಿನ ಮೊದಲ ಪರದೆಯ ಮೇಲೆ ಬಿಳಿಯ ಚೌಕವೊಂದು ಎದ್ದು, ನೀವು ಎಲ್ಲಿದ್ದೀರೆಂದು ತಿಳಿಯಲು ಅನುಮತಿ ಕೊಡುವಿರಾ ಎಂದು ಕೇಳುತ್ತಿತ್ತು. ತನ್ನ ಫೋನಿನಲ್ಲಿ ನೋಡಿದರೆ ಅಂಥ ಚೌಕವೇ ಇಲ್ಲ. ನಾಲ್ಕನೇ ಸಲ ಕಳಿಸಿದ್ದೂ ಗೋಡೆಗೆ ಹೊಡೆದ ಚೆಂಡಿನಂತೆ ಬಂದು ಕಾಲಬುಡಕ್ಕೆ ಬಿತ್ತು.

ಮನೆಯಲ್ಲಿ ಯಾರಿಗೂ ಅದು ದೊಡ್ಡ ಸುದ್ದಿಯಾಗಲಿಲ್ಲ. ಗಂಡ ದಿನಪತ್ರಿಕೆಯಿಂದ ಕಣ್ಣೆತ್ತದೆ, ಆಗದಿದ್ದರೆ ಬಿಡು, ತಲೆ ಯಾಕೆ ಕೆಡಿಸಿಕೊಳ್ಳುತ್ತೀ ಎಂದ. ಅತ್ತೆಯ ಫೋನಿನಲ್ಲಿ, ಜಾಹೀರಾತು ಸೇರಿಸುವ ಮೊದಲೇ ಹಾಕಿಕೊಟ್ಟ ಆ್ಯಪ್ ಹೇಗೂ ಇದ್ದುದರಿಂದ ಸ್ಟೋರಿನ ಚಿಂತೆ ಅವರಿಗಿರಲಿಲ್ಲ. ಓರಗಿತ್ತಿ ಮಾತ್ರ ಮೆಟ್ಟಿಲಲ್ಲಿ ಸಿಕ್ಕಾಗ, “ನಂದು ಒಂದೇ ಸಲಕ್ಕೆ ಹೋಯ್ತಲ್ಲ ಅಕ್ಕಾ, ನಿಮ್ದಕ್ಕೆ ಏನಾಯ್ತು?” ಎಂದು ಕೇಳಿದಳು. ಕೇಳಿದ್ದರಲ್ಲಿ ವ್ಯಂಗ್ಯವಿತ್ತೋ ಇಲ್ಲವೋ, ಕಿವಿಯಮ್ಮನಿಗೆ ಅದು ಗಾಯಕ್ಕೆ ಉಪ್ಪು ಸವರಿದಂತೆಯೇ ಆಯಿತು. ಕಿವಿಯ ಕೆಲಸದವಳಾದರೂ ಆ ಒಂದು ದನಿಯಲ್ಲಿ ಮಾತ್ರ ಅವಳಿಗೆ ಇಲ್ಲದ್ದೂ ಕೇಳಿಸುತ್ತಿತ್ತು.

ಅಷ್ಟರಲ್ಲಿ ಅತ್ತೆಗೆ ಹೊಸ ಫೋನು ಬಂತು. ಇಬ್ಬರು ಸೊಸೆಯರ ಆ್ಯಪೂ ಅದರಲ್ಲಿರಬೇಕೆಂದು ಅವರ ಹಟ. ಭಾನುವಾರ ಮಧ್ಯಾಹ್ನ ಕಿವಿಯಮ್ಮ ಅತ್ತೆಯ ಮಂಚದ ತುದಿಯಲ್ಲಿ ಕೂತು, ತನ್ನ ಲ್ಯಾಪ್‌ಟಾಪಿನಿಂದ ಕೇಬಲ್ ಸಿಕ್ಕಿಸಿ ತನ್ನ ಆ್ಯಪನ್ನು ಹಾಕಿದಳು. ತೆರೆದೊಡನೆ ಬಿಳಿಯ ಚೌಕ ಎದ್ದಿತು. ಅತ್ತೆ ಕನ್ನಡಕ ಸರಿಮಾಡಿಕೊಂಡು ಓದಿದರು.

“ನಾನೆಲ್ಲಿದ್ದೀನಿ ಅಂತ ಕೇಳ್ತಾ ಇದೆಯಲ್ಲೇ ದೊಡ್ಡವಳೇ. ಎಲ್ಲಿರ್ತೀನಿ? ಇದ್ರೆ ಮಂಚದ ಮೇಲೆ, ಇಲ್ದಿದ್ರೆ ಬಚ್ಚಲಲ್ಲಿ. ಅದನ್ನ ಊರಿಗೆಲ್ಲ ಹೇಳ್ಬೇಕಾ?”

ತನ್ನ ಫೋನಿನಲ್ಲಿ ಅದು ಕಾಣದಿದ್ದುದೇಕೆಂದು ಕಿವಿಯಮ್ಮನಿಗೆ ಈಗ ಹೊಳೆಯಿತು. ಪ್ಲಗಿನ್ ಜೋಡಿಸಿದ ಮೊದಲ ದಿನ ಅವಸರದಲ್ಲಿ ಎದುರಿಗೆ ಬಂದ ಚೌಕಕ್ಕೆಲ್ಲ ‘ಸರಿ’ ಒತ್ತಿ ಮುಂದೆ ಹೋಗಿದ್ದಳು. ಒಮ್ಮೆ ಸರಿ ಎಂದವರನ್ನು ಫೋನು ಮತ್ತೆ ಕೇಳುವುದಿಲ್ಲ. ಕೇಳುತ್ತಿದ್ದುದು ಅವಳ ಆ್ಯಪಲ್ಲ, ಅದರೊಳಗೆ ಕೂತಿದ್ದ ಜಾಹೀರಾತಿನ ತುಣುಕು.

ಹಾಗಿದ್ದರೆ ಅದೇ ತುಣುಕು ಇರುವ ಇನ್ನೊಂದು? ಅವಳು ಉಗುರಿನ ಆ್ಯಪನ್ನು ಸ್ಟೋರಿನಿಂದ ಇಳಿಸಿ ತೆರೆದಳು. ಮೊದಲು ಕ್ಯಾಮೆರಾ ಕೇಳಿತು. ಅದು ಸರಿ, ಕೈಯ ಫೋಟೊ ತೆಗೆಯಬೇಕಲ್ಲ. ಆಮೇಲೆ ಅದೇ ಬಿಳಿಯ ಚೌಕ, ಅದೇ ಮಾತು. ಅಕ್ಷರ ಅಕ್ಷರವೂ ಅದೇ.

ಅಂದರೆ ತಪ್ಪು ಇಬ್ಬರದೂ ಒಂದೇ. ಓರಗಿತ್ತಿ ಕಳಿಸಿದ್ದ ಕಾಲಕ್ಕೆ ಸ್ಟೋರಿನವರು ಇಷ್ಟು ಬಿಗಿಯಾಗಿರಲಿಲ್ಲ, ಅವಳು ನುಸುಳಿಬಿಟ್ಟಿದ್ದಳು. ತನ್ನ ಸರದಿ ಬಂದಾಗ ಬಾಗಿಲಲ್ಲಿ ಕಾವಲುಗಾರ ನಿಂತಿದ್ದ. ಅವಳದಕ್ಕೆ ಮುಚ್ಚಿದ ಕಣ್ಣು, ತನ್ನದಕ್ಕೆ ಭೂತಗನ್ನಡಿ! ಕಿವಿಯಮ್ಮ ಎರಡು ಆ್ಯಪಿಗೂ ‘ಬೇಡ’ ಒತ್ತಿ ಫೋನನ್ನು ಅತ್ತೆಯ ಕೈಗಿಟ್ಟಳು. ಆ ಕ್ಷಣದಲ್ಲೇ ಮೇಲೆ ಹೋಗಿ, ನೋಡೇ, ಇಬ್ಬರದೂ ಸರಿಮಾಡಿಕೊಳ್ಳೋಣ ಎಂದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಹೋಗಲಿಲ್ಲ.

ಮರುದಿನ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಕೆಟ್ಟ ಯಂತ್ರಗಳ ಟ್ರೇ ಮುಂದಿಟ್ಟುಕೊಂಡು ಕೂತಿದ್ದಾಗ, ಸ್ಟೋರಿನಲ್ಲಿ ಉಗುರಿನ ಆ್ಯಪಿನ ಪುಟ ತೆರೆದಳು. ತೀರ ಕೆಳಗೆ, ಯಾರೂ ನೋಡದ ಜಾಗದಲ್ಲಿ, ದೂರು ಕೊಡಲು ಒಂದು ಗುಂಡಿಯಿತ್ತು. ಉಗುರಿಗೆ ಬಣ್ಣ ತೋರಿಸುವ ಆ್ಯಪ್ ಬಳಸುವವರ ಸ್ಥಳ ಕೇಳುತ್ತಿದೆ, ಇದು ಏಕೆಂದು ಎಲ್ಲೂ ಹೇಳಿಲ್ಲ, ದಯವಿಟ್ಟು ಪರಿಶೀಲಿಸಿ ಎಂದು ಬರೆದಳು. ಒಂದಕ್ಷರವೂ ಸುಳ್ಳಿರಲಿಲ್ಲ. ಸಾವಿರಾರು ಹೆಣ್ಣುಮಕ್ಕಳು ಎಲ್ಲಿದ್ದಾರೆಂಬ ಸುದ್ದಿ ಯಾರ್ಯಾರ ಕೈಗೋ ಹೋಗುವುದು ತಪ್ಪಲ್ಲವೇ ಎಂದು ತನಗೆ ತಾನೇ ಹೇಳಿಕೊಂಡಳು. ಬರೆದದ್ದೆಲ್ಲ ನಿಜ, ಬರೆಸಿದ್ದು ಮಾತ್ರ ಹೊಟ್ಟೆಯ ಕಿಚ್ಚು ಎಂಬುದು ಗುಂಡಿ ಒತ್ತುವಾಗಲೇ ಅವಳಿಗೆ ಗೊತ್ತಿತ್ತು. ಒತ್ತಿದಳು.

ಉಗುರಿನ ಆ್ಯಪನ್ನು ಸ್ಟೋರಿನಿಂದ ತೆಗೆದುಹಾಕಿದ ಸುದ್ದಿ ವಾರದೊಳಗೆ ಬಂತು. ಭಾನುವಾರದ ಊಟ ಎಲ್ಲರೂ ಕೆಳಗಿನ ಮನೆಯಲ್ಲೇ ಮಾಡುತ್ತಿದ್ದರು. ಓರಗಿತ್ತಿ ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದಳು, ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. ಯಾವನೋ ಬಳಕೆದಾರನ ದೂರಿನ ಮೇಲೆ ತೆಗೆದಿದ್ದಾರಂತೆ ಎಂದು ಮೈದುನ ಹೇಳಿದ. ಕಿವಿಯಮ್ಮ ನೀರಿನ ಜಗ್ಗು ತುಂಬಿಸುವ ನೆವದಲ್ಲಿ ಎದ್ದಳು. ಒಳಗೊಳಗೇ ಸಮಾಧಾನವಾದೀತೆಂದು ಅಷ್ಟು ದಿನ ಕಾದಿದ್ದಳು. ಆದದ್ದೇ ಬೇರೆ.

ಅತ್ತೆ ಎಡಗೈಯಿಂದ ಚಿಕ್ಕ ಸೊಸೆಯ ತಲೆ ಸವರಿದರು. ದಿನಪತ್ರಿಕೆಯಿಂದ ಕಣ್ಣೆತ್ತದ ಗಂಡ ಈಗ ಊಟವನ್ನೇ ಬಿಟ್ಟು, ಅಷ್ಟು ಕಷ್ಟಪಟ್ಟು ಮಾಡಿದ್ದು, ಪಾಪ ಎಂದ. ತನಗೆ ಗೊತ್ತಿರುವ ವಕೀಲರನ್ನು ವಿಚಾರಿಸಲೇ ಎಂದೂ ಕೇಳಿದ. ನಾಲ್ಕು ಸಲ ತನ್ನದು ವಾಪಸ್ ಬಂದಾಗ ಈ ‘ಪಾಪ’ ಎಲ್ಲಿಗೆ ಹೋಗಿತ್ತು? ವಕೀಲರು ಎಲ್ಲಿದ್ದರು? ಜಗ್ಗು ತುಂಬಿ ನೀರು ಮುಂಗೈ ಮೇಲೆ ಹರಿಯುವವರೆಗೂ ಕಿವಿಯಮ್ಮ ನಲ್ಲಿಯ ಮುಂದೆಯೇ ನಿಂತಿದ್ದಳು. ಗೆದ್ದಾಗ ಹೊಗಳಿಕೆ ಅವಳಿಗೆ, ಬಿದ್ದಾಗ ಮರುಕವೂ ಅವಳಿಗೆ. ಕೆಡವಿದ ಮೇಲೂ ಅವಳೇ ಮೇಲೆ.

ಎರಡು ದಿನ ಬಿಟ್ಟು ಓರಗಿತ್ತಿ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಕಿವಿಯ ಅಂಗಡಿಗೇ ಬಂದಳು. “ಅಕ್ಕಾ, ನಿಮಗೆ ಅಷ್ಟು ಸಲ ವಾಪಸ್ ಬಂದಿದೆಯಲ್ಲ. ನಮ್ಮ ಮನೇಲಿ ಇದರ ಬಗ್ಗೆ ಗೊತ್ತಿರೋದು ನಿಮಗೊಬ್ಬರಿಗೇ” ಎಂದಳು. ಅದು ಹೊಗಳಿಕೆಯೋ ಚುಚ್ಚುಮಾತೋ ತಿಳಿಯದೆ ಕಿವಿಯಮ್ಮ ಅವಳನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದಳು.

ಆ ಕೋಣೆ ಕಿವಿ ಪರೀಕ್ಷೆಯದು. ಗೋಡೆಗೆಲ್ಲ ದಪ್ಪ ಸ್ಪಂಜಿನ ಹೊದಿಕೆ, ಬಾಗಿಲಿಗೆ ರಬ್ಬರಿನ ಅಂಚು. ಮುಚ್ಚಿದರೆ ಬೀದಿಯ ಸದ್ದೆಲ್ಲ ಕತ್ತರಿಸಿದಂತೆ ನಿಂತುಹೋಗುತ್ತಿತ್ತು, ಉಗುಳು ನುಂಗಿದ್ದೂ ಕೇಳಿಸುತ್ತಿತ್ತು. ಇಬ್ಬರೂ ಪುಟ್ಟ ಮೇಜಿನ ಮುಂದೆ ಮೊಣಕೈಗೆ ಮೊಣಕೈ ತಾಗಿಸಿ ಕೂತರು.

ಕೆಲಸ ಶುರುವಾದ ಮೇಲೆ ಕಿವಿಯಮ್ಮನಿಗೆ ಬೇರೆಲ್ಲ ಮರೆತುಹೋಯಿತು. ಪ್ರತಿ ಆ್ಯಪಿಗೂ ತಾನು ಏನೇನು ಕೇಳುತ್ತೇನೆಂದು ಹೇಳಿಕೊಳ್ಳುವ ಪಟ್ಟಿಯಿರುತ್ತದೆ. ತಾವು ಬರೆದ ಪಟ್ಟಿಯಲ್ಲಿ ಸ್ಥಳವಿರಲಿಲ್ಲ. ಆದರೆ ಎಲ್ಲ ತುಣುಕುಗಳೂ ಸೇರಿ ಸಿದ್ಧವಾದ ಆ್ಯಪನ್ನು ಬಿಚ್ಚಿ ನೋಡಿದರೆ ಅಲ್ಲಿ ಇತ್ತು. ಜಾಹೀರಾತಿನ ತುಣುಕು ತನ್ನದೇ ಪಟ್ಟಿಯನ್ನು ಜೊತೆಗೆ ತಂದು, ಯಾರನ್ನೂ ಕೇಳದೆ ಇವರದರೊಳಗೆ ಸೇರಿಸಿಬಿಟ್ಟಿತ್ತು. ಒಬ್ಬ ನೆಂಟನನ್ನು ಊಟಕ್ಕೆ ಕರೆದರೆ ಅವನು ಇನ್ನೊಬ್ಬನನ್ನೂ ಕರೆತಂದು ಪಂಕ್ತಿಯಲ್ಲಿ ಕೂರಿಸಿದಂತೆ. ಇವರು ತಮ್ಮ ಪಟ್ಟಿಯಲ್ಲಿ ಹುಡುಕಿದಷ್ಟೂ ಸಿಗದಿದ್ದುದು ಅದಕ್ಕೇ. ಈ ಅನುಮತಿ ಎಲ್ಲಿಂದ ಬಂದರೂ ಕಿತ್ತುಹಾಕು ಎಂದು ಒಂದು ಸಾಲು ಸೇರಿಸಬೇಕಿತ್ತು, ಅಷ್ಟೇ. ಕಿವಿಯಮ್ಮ ಆ ಸಾಲನ್ನು ಬರೆದಳು. ಆ್ಯಪನ್ನು ಪೂರ್ತಿ ಅಳಿಸಿದ್ದ ಫೋನಿಗೆ ಹೊಸದನ್ನು ಹಾಕಿ ತೆರೆದರು. ಕ್ಯಾಮೆರಾ ಕೇಳಿತು. ಇನ್ನೇನೂ ಕೇಳಲಿಲ್ಲ. ಜಾಹೀರಾತು ಎಂದಿನಂತೆ ಬಂತು.

ಓರಗಿತ್ತಿ ಕುರ್ಚಿಗೆ ಒರಗಿ ಉಸಿರು ಬಿಟ್ಟಳು. ಆಮೇಲೆ ಅವಳ ಮುಖ ಬಿಗಿಯಾಯಿತು. “ಯಾರ ಕೆಲಸ ಅಂತ ನನಗೆ ಗೊತ್ತು ಅಕ್ಕಾ. ನಾನು ಮೊದಲು ಪಾರ್ಲರಲ್ಲಿ ಇದ್ದೆನಲ್ಲ, ಅಲ್ಲಿ ನನ್ನ ಪಕ್ಕದ ಕುರ್ಚಿಯವಳು. ನಾನು ಉದ್ಧಾರ ಆಗೋದು ಅವಳಿಗೆ ಯಾವತ್ತೂ ಆಗ್ತಿರ್ಲಿಲ್ಲ. ಇವತ್ತೇ ಹೋಗಿ ಗಿರಾಕಿಗಳ ಮುಂದೇನೇ ಕೇಳ್ತೀನಿ.”

ಕಿವಿಯಮ್ಮ ಆ ಹೆಂಗಸನ್ನು ಬಲ್ಲಳು. ತಾಯಿಗೆ ಯಂತ್ರ ಹಾಕಿಸಲು ಬಂದಿದ್ದಳು, ಬಡಪಾಯಿ. ಕಿವಿಯಮ್ಮ ಬಾಯಿ ಬಿಡದೆ ಇದ್ದುಬಿಡಬಹುದಿತ್ತು. ಆದರೆ ಆ ಕೋಣೆಯಲ್ಲಿ ತನ್ನ ಎದೆ ಬಡಿತವೇ ಅವಳಿಗೆ ಕೇಳಿಸತೊಡಗಿತು.

“ಅವಳಲ್ಲ” ಎಂದಳು. “ದೂರು ಕೊಟ್ಟಿದ್ದು ನಾನು.”

ಓರಗಿತ್ತಿ ಮೊದಲು ತಮಾಷೆಯೆಂದುಕೊಂಡು ಅರ್ಧ ನಕ್ಕಳು. ಆ ನಗು ಅಲ್ಲೇ ನಿಂತಿತು. “ಯಾಕಕ್ಕಾ?”

ಹೆಣ್ಣುಮಕ್ಕಳ ಸುರಕ್ಷತೆ, ನಿಯಮ, ನ್ಯಾಯ, ಹೇಳಲು ಎಷ್ಟೋ ಕಾರಣಗಳನ್ನು ಕಿವಿಯಮ್ಮ ಸಿದ್ಧಮಾಡಿಟ್ಟುಕೊಂಡಿದ್ದಳು. ಒಂದೂ ಬಾಯಿಗೆ ಬರಲಿಲ್ಲ. “ನಿಂದು ಹೋಯ್ತು, ನಂದು ಹೋಗ್ಲಿಲ್ಲ. ಹೊಟ್ಟೆ ಉರೀತು. ಅಷ್ಟೇ.”

ಓರಗಿತ್ತಿ ಲ್ಯಾಪ್‌ಟಾಪ್ ಮುಚ್ಚಿ, ವೈರನ್ನು ನಿಧಾನವಾಗಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಎದ್ದುಹೋದಳು. ಬಾಗಿಲನ್ನು ಬಡಿದುಕೊಂಡೇ ಹೋದಳೇನೋ. ರಬ್ಬರಿನ ಅಂಚಿದ್ದುದರಿಂದ ಸದ್ದಾಗಲಿಲ್ಲ.

ಸಂಜೆ ಕಿವಿಯಮ್ಮ ಮನೆಯ ದಾರಿ ಹಿಡಿದಳು. ಇಷ್ಟರಲ್ಲಿ ಅತ್ತೆಗೆ ಗೊತ್ತಾಗಿರುತ್ತದೆ, ಗಂಡನಿಗೆ ಗೊತ್ತಾಗಿರುತ್ತದೆ, ಮೈದುನ ಮುಖ ತಿರುಗಿಸುತ್ತಾನೆ ಎಂದು ದಾರಿಯುದ್ದಕ್ಕೂ ಉತ್ತರಗಳನ್ನು ಹೊಂದಿಸಿಕೊಂಡಳು. ಮನೆಯಲ್ಲಿ ಅತ್ತೆ ಟಿವಿ ನೋಡುತ್ತಿದ್ದರು. ಗಂಡ ಚಹಾ ಕೇಳಿದ. ಯಾರಿಗೂ ಏನೂ ಗೊತ್ತಿರಲಿಲ್ಲ. ಮರುದಿನವೂ ಇಲ್ಲ, ಮುಂದಿನ ಭಾನುವಾರವೂ ಇಲ್ಲ. ಓರಗಿತ್ತಿ ಎಲ್ಲರೆದುರು ‘ಅಕ್ಕಾ, ಪಲ್ಯ ಬಡಿಸ್ಲಾ’ ಎಂದು ಕೇಳುತ್ತಿದ್ದಳು, ಮೆಟ್ಟಿಲಲ್ಲಿ ಒಬ್ಬಳೇ ಸಿಕ್ಕರೆ ಗೋಡೆಯ ಪಕ್ಕಕ್ಕೆ ಸರಿದು ಮಾತಿಲ್ಲದೆ ದಾಟಿಹೋಗುತ್ತಿದ್ದಳು. ಜಗಳವಾಡಿದ್ದರೆ ಕಿವಿಯಮ್ಮನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದಳು. ತಾನಾಗಿದ್ದರೆ ಈ ಗುಟ್ಟನ್ನು ಒಂದು ಗಂಟೆ ಬಚ್ಚಿಡುತ್ತಿರಲಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಈ ದೊಡ್ಡತನವೂ ಇವಳಿಗೇ ಸಿಗಬೇಕಿತ್ತೇ ಎಂದು ಅದಕ್ಕೂ ಅಸೂಯೆಪಟ್ಟಳು.

ಉಗುರಿನ ಆ್ಯಪ್ ಸ್ಟೋರಿಗೆ ಮರಳಿತು. ಕಿವಿಯಮ್ಮ ತನ್ನ ಆ್ಯಪಿಗೆ ಆ ಒಂದು ಸಾಲು ಹಾಕುವ ಬದಲು ಜಾಹೀರಾತಿನ ತುಣುಕನ್ನೇ ಕಿತ್ತು ಬಿಸಾಡಿದಳು. ಅದು ಮೊದಲಿನಿಂದಲೂ ಅವಳಿಗೆ ಬೇಕಾಗಿರಲಿಲ್ಲ, ಇನ್ನೊಬ್ಬಳಿಗಿದೆಯೆಂದು ಹಾಕಿಕೊಂಡದ್ದು. ಕಿವಿಗೆ ಗಮನ ಕೊಡಬೇಕಾದವರಿಗೆ ಪರದೆಯ ಕೆಳಗೆ ಕುಣಿಯುವ ಚಿತ್ರ ತೊಡಕೇ ಆಗುತ್ತಿತ್ತು. ಐದನೇ ಸಲ ಕಳಿಸಿದ್ದಕ್ಕೆ ಒಪ್ಪಿಗೆ ಬಂತು. ಉಗುರಿನ ಆ್ಯಪಿನ ಲೆಕ್ಕಕ್ಕೆ ಹೋಲಿಸಿದರೆ ಇಳಿಸಿಕೊಂಡವರು ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುವಷ್ಟು. ಆದರೂ ಒಬ್ಬ ನಿವೃತ್ತ ಬಸ್ ಚಾಲಕರು ಅಂಗಡಿಗೆ ಬಂದು, ತಮ್ಮ ಹೆಂಡತಿ ಬಳೆ ಸರಿಸಿಕೊಳ್ಳುವ ಸದ್ದು ಯಾವುದೆಂದು ಈಗ ಗೊತ್ತಾಗುತ್ತದೆ, ಅವಳು ಪಕ್ಕದ ಕೋಣೆಯಲ್ಲಿರುವುದು ತಿಳಿಯುತ್ತದೆ ಎಂದು ಹೇಳಿ ಹೋದರು. ಆ ಮಾತನ್ನು ಯಾರಿಗಾದರೂ ಹೇಳಬೇಕೆನಿಸಿತು. ಹೇಳಿದರೆ ಅದರ ಬೆಲೆ ತಿಳಿಯುವವಳು ಮನೆಯಲ್ಲಿ ಒಬ್ಬಳೇ ಇದ್ದಳು, ಅವಳು ಮಾತು ಬಿಟ್ಟಿದ್ದಳು.

ಚಳಿ ಶುರುವಾಗುವ ಹೊತ್ತಿಗೆ ಓರಗಿತ್ತಿ ಮತ್ತೆ ಅಂಗಡಿಯ ಬಾಗಿಲಲ್ಲಿ ಕಾಣಿಸಿಕೊಂಡಳು, ಕೈಯಲ್ಲಿ ಅದೇ ಲ್ಯಾಪ್‌ಟಾಪು. ಕೂದಲಿನ ವಿನ್ಯಾಸ ತೋರಿಸುವ ಹೊಸ ಆ್ಯಪ್ ಮಾಡಿದ್ದಳಂತೆ. ನಿಂತುಕೊಂಡೇ ಹೇಳಿದಳು, “ಇದನ್ನ ಕಳಿಸೋ ಮುಂಚೆ ನೀವು ಒಂದು ಸಲ ನೋಡಿಕೊಡ್ಬೇಕು.”

“ನಾನು ನೋಡೋದಾ?” ಎಂದಳು ಕಿವಿಯಮ್ಮ. ನಂಬಿಕೆ ಬರಲಿಲ್ಲ.

“ನನ್ನ ತಪ್ಪು ಹುಡುಕೋದ್ರಲ್ಲಿ ನಿಮ್ಮನ್ನ ಮೀರಿಸೋರು ಯಾರಿದ್ದಾರೆ?” ಓರಗಿತ್ತಿ ನಗಲಿಲ್ಲ. “ಆದ್ರೆ ಒಂದು ಮಾತು. ಇನ್ಮೇಲೆ ದೂರು ಏನಿದ್ರೂ ಮೊದಲು ನನ್ನ ಹತ್ರ ಬರ್ಬೇಕು.”

ಕಿವಿಯಮ್ಮ ತಲೆಯಾಡಿಸಿ ಕುರ್ಚಿ ಎಳೆದುಕೊಟ್ಟಳು. ಆ ಮಧ್ಯಾಹ್ನವೆಲ್ಲ ಅವಳು ಆ ಆ್ಯಪನ್ನು ಹಿಂಡಿ ನೋಡಿದಳು. ಪ್ರೀತಿಯಿಂದ ನೋಡುವವರ ಕಣ್ಣಿಗೆ ಬೀಳದ್ದೆಲ್ಲ ಅವಳ ಕಣ್ಣಿಗೆ ಬಿತ್ತು. ಫೋನನ್ನು ಅಡ್ಡ ಹಿಡಿದರೆ ಚಿತ್ರ ಕತ್ತರಿಸಿಹೋಗುತ್ತಿತ್ತು, ಕ್ಯಾಮೆರಾ ಬೇಡವೆಂದರೆ ಆ್ಯಪ್ ಕಂಗಾಲಾಗಿ ಮುಚ್ಚಿಕೊಳ್ಳುತ್ತಿತ್ತು, ಮೂರನೇ ಪರದೆಯ ಅಕ್ಷರ ಇರುವೆಯಷ್ಟು ಚಿಕ್ಕದಿತ್ತು. ಒಂದೊಂದನ್ನೂ ಹೇಳುವಾಗ ಅವಳಿಗೆ ಎಂಥ ಸುಖವಾಯಿತೆಂದರೆ, ಅದನ್ನು ಮುಚ್ಚಿಡಲೂ ಆಗಲಿಲ್ಲ. ಓರಗಿತ್ತಿ ಕೆಲವನ್ನು ಒಪ್ಪಿದಳು, ಕೆಲವಕ್ಕೆ ವಾದ ಮಾಡಿದಳು, ಅಕ್ಷರದ ವಿಷಯದಲ್ಲಿ ಮಾತ್ರ ಜಪ್ಪಯ್ಯ ಎಂದರೂ ಬಗ್ಗಲಿಲ್ಲ. ಚಿಕ್ಕದಿದ್ದರೇ ಅಂದ ಎಂದಳು. ನಡುವೆ ಕಿವಿಯಮ್ಮ ಬಸ್ ಚಾಲಕರ ಮಾತು ಹೇಳಿದಳು. ಓರಗಿತ್ತಿ ಟೈಪ್ ಮಾಡುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು.

ಕೂದಲಿನ ಆ್ಯಪ್ ಮೊದಲ ಸಲವೇ ಒಪ್ಪಿಗೆಯಾಯಿತು. ಹೊಸ ವರ್ಷ ಬರುವಷ್ಟರಲ್ಲಿ ಉಗುರಿನದನ್ನೂ ಮೀರಿಸಿತು. ಅತ್ತೆ ಬಂದವರಿಗೆಲ್ಲ ಚಿಕ್ಕ ಸೊಸೆಯ ಜಾಣತನ ಹೇಳಿದರು, ಗಂಡನೂ ದನಿಗೂಡಿಸಿದ. ಕಿವಿಯಮ್ಮನ ಹೊಟ್ಟೆ ಚೆನ್ನಾಗಿಯೇ ಉರಿಯಿತು. ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಮೆಟ್ಟಿಲು ಹತ್ತಿ ಹೋಗಿ, ಬಾಗಿಲು ತಟ್ಟಿ, ಮೂರನೇ ಪರದೆಯ ಅಕ್ಷರ ಇನ್ನೂ ಚಿಕ್ಕದಾಗಿಯೇ ಇದೆ ಎಂದು ಹೇಳಿ ಬಂದಳು.